ಜೈಲಿನಲ್ಲಿರುವ ಹೆಣ್ಣುಮಕ್ಕಳನ್ನು ಸಂಗಾತಿಯ ಹಿಂಸೆಯ ಬಗ್ಗೆ ಕೇಳುವುದು: ನನ್ನ ಅನುಭವ

ಆಪ್ತಸಮಾಲೋಚನೆಗೆ ಕೂತಾಗ ‘ನಿಮ್ಮ ಮೇಲೆ ದೌರ್ಜನ್ಯ ಆಗಿದೆಯಾ?’ ಎಂದು ನಾನು ಕೇಳುವುದಿಲ್ಲ. ‘ಇಲ್ಲ’ ಅನ್ನುತ್ತಾರೆ. ವರ್ಷಗಟ್ಟಲೆ ಏಟು ತಿಂದವರಿಗೆ ಅದು ದೌರ್ಜನ್ಯ ಅನಿಸಿಯೇ ಇರುವುದಿಲ್ಲ. ಒಂದೊಂದಾಗಿ ಕೇಳಬೇಕು: ದುಡ್ಡು ಯಾರ ಕೈಯಲ್ಲಿರುತ್ತಿತ್ತು? ನಿಮ್ಮ ಫೋನ್ ಯಾರು ನೋಡುತ್ತಿದ್ದರು? ಬೇಡ ಅಂದರೂ ಬಲವಂತ ಮಾಡುತ್ತಿದ್ದರಾ? ಕುತ್ತಿಗೆ ಹಿಸುಕಿದ್ದುಂಟಾ?

ಈ ಕೊನೆಯ ಪ್ರಶ್ನೆಯನ್ನು ಬಿಡಲೇಬಾರದು. ಕುತ್ತಿಗೆ ಹಿಸುಕಿದಾಗ ಎಷ್ಟೋ ಸಲ ಚರ್ಮದ ಮೇಲೆ ಗುರುತೇ ಉಳಿಯುವುದಿಲ್ಲ. ಆಮೇಲೆ ದನಿ ಒಡೆದಿತ್ತಾ, ನುಂಗಲು ಕಷ್ಟವಾಯಿತಾ, ಕಣ್ಣು ಕತ್ತಲೆ ಬಂತಾ, ಗೊತ್ತಿಲ್ಲದೆ ಮೂತ್ರ ಹೋಯಿತಾ ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಒಂದಕ್ಕೆ ಹೌದು ಅಂದರೂ ವೈದ್ಯರಿಗೆ ತೋರಿಸುತ್ತೇನೆ. ಹಾಗೆ ಹಿಸುಕಿದ್ದರಿಂದ ಮಿದುಳಿಗೆ ಪೆಟ್ಟಾಗಿದ್ದರೆ ಮರೆವು, ತಲೆನೋವು, ಥಟ್ಟನೆ ಬರುವ ಸಿಟ್ಟು ಉಳಿದುಬಿಡಬಹುದು. ಜೈಲಿನಲ್ಲಿ ಅದು ‘ಹೇಳಿದ ಮಾತು ಕೇಳಲ್ಲ’ ಎಂಬ ದೂರಾಗಿ ಶಿಕ್ಷೆಗೆ ದಾರಿಯಾಗುತ್ತದೆ. ಇದು ಅನ್ಯಾಯ.

ಇವೆಲ್ಲಕ್ಕೂ ಮುಂಚೆ, ನಾನು ಬರೆದದ್ದನ್ನು ಯಾರ್ಯಾರು ಓದಬಹುದೆಂದು ಹೇಳಿಬಿಡುತ್ತೇನೆ. ವಿಚಾರಣೆ ಬಾಕಿಯಿದ್ದರೆ, ಅದರಲ್ಲೂ ಸತ್ತವನು ಸಂಗಾತಿಯೇ ಆಗಿದ್ದರೆ, ಆ ದಿನದ ಸಂಗತಿಗೆ ಕೈಹಾಕುವುದಿಲ್ಲ. ಅದನ್ನು ಮೊದಲು ವಕೀಲರಿಗೆ ಹೇಳಲಿ. ಕಾವಲು ಸಿಬ್ಬಂದಿ ಕೇಳಿಸಿಕೊಳ್ಳುವಷ್ಟು ಹತ್ತಿರವಿದ್ದರೆ ಮಾತೇ ಶುರು ಮಾಡುವುದಿಲ್ಲ. ತಾರೀಖು ಕೇಳಿದರೆ ಎಲ್ಲರೂ ತಡವರಿಸುತ್ತಾರೆ. ‘ದೊಡ್ಡ ಮಗು ಹುಟ್ಟುವ ಮುಂಚೆಯಾ, ಆಮೇಲಾ?’ ಅಂದರೆ ನೆನಪು ಬಿಚ್ಚಿಕೊಳ್ಳುತ್ತದೆ. ಹಿಂದುಮುಂದಾದರೆ ಸುಳ್ಳೆಂದು ತಿಳಿಯಬಾರದು.

ಹಿಂಸೆ ಕೊಟ್ಟ ಸಂಗಾತಿ ಹೊರಗಿದ್ದರೆ, ಆಕೆ ಗೋಡೆಯೊಳಗೆ ಬಂದಮೇಲೂ ಅವನ ಹಿಡಿತ ಸಡಿಲವಾಗುವುದಿಲ್ಲ. ಭೇಟಿ, ಫೋನು, ಖಾತೆಗೆ ಕಟ್ಟುವ ದುಡ್ಡು, ಜಾಮೀನು ಎಲ್ಲವೂ ಅದಕ್ಕೆ ದಾರಿಯೇ. ಮಹಿಳಾ ಕೈದಿಗಳನ್ನು ನಡೆಸಿಕೊಳ್ಳುವ ಬಗೆಗೆ ವಿಶ್ವಸಂಸ್ಥೆ 2010ರಲ್ಲಿ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳಲ್ಲಿ 44ನೆಯದು, ಮನೆಯವರೂ ಸೇರಿದಂತೆ ಯಾರು ಭೇಟಿಗೆ ಬರಬಹುದೆಂದು ಆಕೆಯನ್ನೇ ಕೇಳಬೇಕೆನ್ನುತ್ತದೆ. ದಾಖಲಾದ ದಿನ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಪ್ರತಿ ಭೇಟಿಯಾದ ಮೇಲೂ ಕೇಳಬೇಕು. ಮಕ್ಕಳನ್ನು ಕರೆತರುವವನು ಅವನೇ ಆಗಿದ್ದರೆ, ಮೊದಲು ಇನ್ನೊಬ್ಬ ನಂಬಿಕಸ್ಥರನ್ನು ಹುಡುಕಿ, ಆಮೇಲೆ ಅವನ ಹೆಸರು ತೆಗೆಸಬೇಕು. ಆತುರಪಟ್ಟರೆ ಮಕ್ಕಳ ಮುಖ ನೋಡುವುದೇ ತಪ್ಪಿಹೋಗುತ್ತದೆ.

ಬಿಡುಗಡೆಯ ಕಾಗದದಲ್ಲಿ ಹಳೆಯ ವಿಳಾಸವೇ, ಅಂದರೆ ಅವನ ಮನೆಯೇ, ಬಂದು ಕೂತಿರುತ್ತದೆ. ವಾರಗಳ ಮುಂಚೆಯೇ ಅದನ್ನು ನೋಡುತ್ತೇನೆ. ಹಿಂದಿನ ದಿನ ‘ಗೇಟಿನ ಹತ್ತಿರ ಯಾರು ಬರುತ್ತಾರೆ?’ ಎಂದು ಮತ್ತೆ ಕೇಳುತ್ತೇನೆ. ಅವನ ಹೆಸರೇ ಬಂದರೂ ಬುದ್ಧಿ ಹೇಳುವುದಿಲ್ಲ; ಸಹಾಯಕ್ಕೆ ಕರೆಯಬೇಕಾದ ಫೋನ್ ನಂಬರನ್ನು ಬಾಯಿಪಾಠ ಮಾಡಿಸುತ್ತೇನೆ. ಚೀಟಿಯಾದರೆ ಅವನ ಕೈಗೆ ಸಿಗುತ್ತದೆ.