ಸೊಪ್ಪು ಹುಡುಕುವ ಮೊದಲು ಎಣ್ಣೆ ನೋಡಿ

ಮನೆಯಲ್ಲೇ ಸೊಪ್ಪು, ಹೂ ಹಾಕಿ ಎಣ್ಣೆ ಕಾಯಿಸುವವರು ದಾಸವಾಳ ತರುತ್ತಾರೆ, ಗರುಗದ ಸೊಪ್ಪು ಊರೆಲ್ಲ ಹುಡುಕುತ್ತಾರೆ, ಮೆಂತ್ಯ ಅಳೆದು ಹಾಕುತ್ತಾರೆ. ಎಣ್ಣೆ ಮಾತ್ರ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು. ಎರಡು ತಿಂಗಳಿಗೆ ಕಮಟು ಹಿಡಿದರೆ ಬೈಗುಳ ಸೊಪ್ಪಿಗೆ. ಪಾಪ, ಸೊಪ್ಪೇನು ಮಾಡೀತು!

1. ಎಣ್ಣೆ ಆರಿಸಿ

ಮೊದಲು ಎಣ್ಣೆ ತಲೆಗೋ, ಮೈಗೋ, ತಾಟಿಗೋ ಎಂದು ನಿರ್ಧರಿಸಿ.

ತಲೆಗೆ ಕೊಬ್ಬರಿ ಎಣ್ಣೆಯೇ ಸರಿ. ಬೇಗ ಕೆಡುವುದಿಲ್ಲ. ಆದರೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಧಾರವಾಡದ ಡಿಸೆಂಬರ್ ಮುಂಜಾನೆ ಬಾಟಲಿ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಚಳಿಗಾಲಕ್ಕೆ ಮಾಡುವುದಾದರೆ ಅಗಲ ಬಾಯಿಯ ಡಬ್ಬಿಯಲ್ಲಿ ಇಡಿ.

ಮೈಗೆ ನನ್ನ ಮಟ್ಟಿಗೆ ಎಳ್ಳೆಣ್ಣೆ. ಅದರಲ್ಲೇ ಇರುವ ಸೆಸಮಾಲ್‌ನಂಥ ಅಂಶಗಳು ಎಣ್ಣೆ ಕಮಟಾಗುವುದನ್ನು ತಡೆಯುತ್ತವೆ. ಆದರೆ ಹೂವಿನ ಪರಿಮಳ ಬೇಕೆನ್ನುವವರು ಇದನ್ನು ಬಿಡಿ. ಮಲ್ಲಿಗೆ ಹಾಕಿದರೂ ಎಳ್ಳೇ ಮೂಗಿಗೆ ಬಡಿಯುತ್ತದೆ.

ಪರಿಮಳಕ್ಕೆ ನಮ್ಮ ಎರೆ ಹೊಲದ ಕುಸುಬಿ ಎಣ್ಣೆ ಹೊಂದುತ್ತದೆ. ಹಗುರ, ಅಂಟು ಕಡಿಮೆ. ಒಂದೇ ತೊಂದರೆ, ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಎಂಬ ಬೇಗ ಕೆಡುವ ಕೊಬ್ಬಿನಂಶವೇ ಮುಕ್ಕಾಲು ಪಾಲು. ಗಾಳಿ, ಬೆಳಕು ತಾಗಿದರೆ ಬೇಗ ಕೆಡುತ್ತದೆ. ತಿಂಗಳಲ್ಲಿ ಖಾಲಿಯಾಗುವಷ್ಟೇ ಮಾಡಿ. ಅಗಸಿ ಎಣ್ಣೆ ಇದಕ್ಕಿಂತ ಸೂಕ್ಷ್ಮ, ಕಾಯಿಸುವ ಕೆಲಸಕ್ಕೆ ಬೇಡವೇ ಬೇಡ. ಔಡಲ ಎಣ್ಣೆ ಇಷ್ಟವಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ಬೇರೆ ಎಣ್ಣೆ ಸೇರಿಸಿ. ಇಲ್ಲದಿದ್ದರೆ ತೊಳೆಯುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಊಟಕ್ಕೆ ಶೇಂಗಾ ಎಣ್ಣೆ, ಅದಕ್ಕೆ ಒಣಗಿದ ಬ್ಯಾಡಗಿ ಮೆಣಸಿನಕಾಯಿ. ಅದರ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ಖಾರವೂ ಮಿತ. ಹಸಿ ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಮಾತ್ರ ಹೊರಗೆ ಇಡಬೇಡಿ. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು, ವಾಸನೆಯಿಂದ ಅದು ಗೊತ್ತಾಗುವುದಿಲ್ಲ. ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ಕೊಳ್ಳುವಾಗ ಬಾಟಲಿಯ ಹಿಂಬದಿ ಓದಿ. ಮುಂದೆ ಎಷ್ಟೇ ಎಲೆ, ಹೂ ಚಿತ್ರವಿರಲಿ, ಹಿಂದೆ ಮೊದಲ ಹೆಸರೇ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ (ಎರಡೂ ಪೆಟ್ರೋಲಿಯಂನಿಂದ ತೆಗೆದವು) ಆಗಿದ್ದರೆ ವಾಪಸ್ ಇಡಿ. ಗಾಣದ ಎಣ್ಣೆ ಎಂಬ ಬೋರ್ಡ್ ನೋಡಿ ಮರುಳಾಗಬೇಡಿ, ಗಾಣ ತಿರುಗುವುದನ್ನು ತೋರಿಸಿ ಎಂದು ಕೇಳಿ. ಕೊಬ್ಬರಿ ಎಣ್ಣೆಯ ಮೇಲೆ ಅನುಮಾನವೇ? ಗಾಜಿನ ಲೋಟದಲ್ಲಿ ಹಾಕಿ ಅರ್ಧ ತಾಸು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಬೇರೆ ಎಣ್ಣೆ ಬೆರೆತಿದ್ದರೆ ಅದು ಗಟ್ಟಿಯಾಗದೆ ಬೇರೆ ಪದರವಾಗಿ ನಿಲ್ಲುತ್ತದೆ.

2. ಒಣಗಿಸಿ

ಸೊಪ್ಪು, ಹೂ ಕೈಯಲ್ಲಿ ಹಿಚುಕಿದರೆ ಪುಡಿಯಾಗಬೇಕು. ನೀರಿನ ಅಂಶ ಉಳಿದರೆ ಬೂಸ್ಟು ಗ್ಯಾರಂಟಿ. ಮಳೆಗಾಲದಲ್ಲಿ ಬಿಸಿಲಿಗೆ ಕಾಯಬೇಡಿ, ಫ್ಯಾನ್ ಕೆಳಗೆ ಹರವಿ. ಲೋಳೆಸರವನ್ನು ಹಸಿಯಾಗಿ ಹಾಕುವ ಚಟ ಬಿಡಿ, ಅದರ ತಿರುಳು ಬಹುತೇಕ ನೀರೇ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಬೂಸ್ಟು ನಿಲ್ಲುವುದಿಲ್ಲ, ಅದು ಕಮಟನ್ನು ಸ್ವಲ್ಪ ಮುಂದೂಡುತ್ತದೆ ಅಷ್ಟೇ.

ಆಯುರ್ವೇದದ ತೈಲಕ್ಕೆ ಕಷಾಯ, ರಸ ಎಲ್ಲ ಸೇರಿಸುತ್ತಾರಲ್ವಾ ಎನ್ನಬಹುದು. ಹೌದು, ಆದರೆ ಆ ನೀರೆಲ್ಲ ಆರುವವರೆಗೆ ಕುದಿಸುತ್ತಾರೆ. ಬತ್ತಿ ಅದ್ದಿ ಹಚ್ಚಿದಾಗ ಚಟಪಟ ಅನ್ನದೆ ಉರಿದರೆ ಹದ ಬಂದಂತೆ. ಮನೆಯಲ್ಲಿ ಅಷ್ಟು ತಾಳ್ಮೆ ಇಲ್ಲದವರಿಗೆ ಒಣ ಸೊಪ್ಪೇ ಸುಲಭ.

3. ಕಾಯಿಸಿ

ಒಣಗಿದ ಸೊಪ್ಪನ್ನು ಎಣ್ಣೆಗೆ ಹಾಕಿ, ಕುದಿಯುವ ನೀರಿನ ಪಾತ್ರೆಯೊಳಗೆ ಆ ಎಣ್ಣೆಯ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ ಎರಡು ತಾಸು. ನೇರ ಉರಿಗೆ ಇಟ್ಟರೆ ಸೊಪ್ಪು ಸೀಯುತ್ತದೆ. ಎಣ್ಣೆಯ ಪಾತ್ರೆಗೆ ನೀರು ಸಿಡಿಯದಂತೆ ನೋಡಿಕೊಳ್ಳಿ.

4. ಸೋಸಿ, ತುಂಬಿ

ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಬಣ್ಣದ ಗಾಜಿನ ಬಾಟಲಿಗೆ ತುಂಬಿ, ತಾರೀಕು ಬರೆದು ಕಪಾಟಿನೊಳಗೆ ಇಡಿ. ಮೈಗೆ, ತಲೆಗೆ ಮಾಡಿದ್ದಾದರೆ ಹಚ್ಚುವ ಮುನ್ನ ಮೊಣಕೈ ಒಳಬದಿಗೆ ಒಂದು ಹನಿ ಸವರಿ, ಒಂದು ದಿನ ತುರಿಕೆ ಬರುತ್ತದೆಯೇ ನೋಡಿ.