ಶ್ವಾಸಕೋಶದ ನ್ಯೂರೋಎಂಡೋಕ್ರೈನ್ ಗೆಡ್ಡೆ: ಚಿಕಿತ್ಸೆಯ ನಂತರದ ತಪಾಸಣೆಗೆ ಸಿದ್ಧರಾಗುವುದು ಹೇಗೆ?

ಹಾರ್ಮೋನು ಸ್ರವಿಸಬಲ್ಲ ಜೀವಕೋಶಗಳಿಂದ ಹುಟ್ಟುವ ಈ ಗೆಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರು ಮೊದಲಿಗೆ ಪೆಥಾಲಜಿ ವರದಿಯನ್ನು (ತೆಗೆದ ಗೆಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿ) ವೈದ್ಯರೊಂದಿಗೆ ಕುಳಿತು ಓದಿ, ಅದು ನಿಧಾನವಾಗಿ ಬೆಳೆಯುವ ಟಿಪಿಕಲ್ ಕಾರ್ಸಿನಾಯ್ಡೋ, ತುಸು ವೇಗವಾಗಿ ಬೆಳೆಯುವ ಏಟಿಪಿಕಲ್ ಕಾರ್ಸಿನಾಯ್ಡೋ ಎಂಬುದನ್ನು ತಿಳಿದುಕೊಳ್ಳಬೇಕು. ಏಟಿಪಿಕಲ್ ಮರುಕಳಿಸುವ ಸಾಧ್ಯತೆ ಹೆಚ್ಚಾದ್ದರಿಂದ ಅದಕ್ಕೆ ಸಿ.ಟಿ. ಸ್ಕ್ಯಾನ್ ಹೆಚ್ಚು ಬಾರಿ ಬೇಕಾಗುತ್ತದೆ. ಟಿಪಿಕಲ್ ಕೂಡ 10 ವರ್ಷಗಳ ನಂತರ ಮರಳಿದ್ದುಂಟು. ಆರೋಗ್ಯವಾಗಿದ್ದೇವೆಂದು ನಡುವೆಯೇ ತಪಾಸಣೆ ನಿಲ್ಲಿಸುವುದು ಖಂಡಿತ ಸರಿಯಲ್ಲ. ಹಳೆಯ ಸ್ಕ್ಯಾನುಗಳ ಸಿ.ಡಿ.ಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಗೂ ಒಯ್ಯಿರಿ, ಏಕೆಂದರೆ ನಿಧಾನವಾಗಿ ಬೆಳೆಯುವ ಗಂಟು ಹಳೆಯ ಚಿತ್ರದೊಂದಿಗೆ ಹೋಲಿಸಿದಾಗಲೇ ಸ್ಪಷ್ಟವಾಗುತ್ತದೆ.

ವೈದ್ಯರು 24 ಗಂಟೆಗಳ ಮೂತ್ರದಲ್ಲಿ, ಈ ಗೆಡ್ಡೆ ಸ್ರವಿಸಬಹುದಾದ ಸೆರೊಟೋನಿನ್ ಹಾರ್ಮೋನು ಒಡೆದು ಉಂಟಾಗುವ 5-ಎಚ್‌ಐಎಎ ಪರೀಕ್ಷೆ ಬರೆದುಕೊಟ್ಟರೆ, ಪ್ರಯೋಗಾಲಯ ಹೇಳಿದಷ್ಟು ದಿನ ಬಾಳೆಹಣ್ಣು, ಅನಾನಸ್, ಅಕ್ರೋಟು, ಟೊಮೆಟೊಗಳನ್ನು ಬಿಡಬೇಕು, ಏಕೆಂದರೆ ಇವುಗಳಿಂದಲೂ ಅದರ ಪ್ರಮಾಣ ಏರುತ್ತದೆ; ಸಾರಿಗೆ ಹಾಕುವ ಟೊಮೆಟೊ ಮರೆತುಹೋಗುವುದೇ ಹೆಚ್ಚು. ಈ ಗೆಡ್ಡೆಯ ಸುಳಿವು ನೀಡುವ ಪ್ರೋಟೀನಾದ ಕ್ರೋಮೋಗ್ರಾನಿನ್-ಎ ಪ್ರಮಾಣವು ರಕ್ತದಲ್ಲಿ ಪ್ಯಾಂಟೊಪ್ರಜೋಲ್‌ನಂತಹ ಗ್ಯಾಸ್ಟ್ರಿಕ್ ಮಾತ್ರೆಗಳಿಂದಲೂ ಏರುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಸೇವಿಸುತ್ತಿರುವ ವಿಷಯವನ್ನು ವೈದ್ಯರಿಗೆ ಮುಂಚೆಯೇ ತಿಳಿಸಿರಿ.

ಮುಖ ಕೆಂಪೇರಿ ಬಿಸಿಯಾಗುವುದು, ಪದೇ ಪದೇ ಭೇದಿ, ಉಬ್ಬಸ, ಕಫದಲ್ಲಿ ರಕ್ತ ಕಂಡುಬಂದರೆ ಮುಂದಿನ ದಿನಾಂಕಕ್ಕಾಗಿ ಕಾಯಬಾರದು. ಬೇರಾವುದೇ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ತಜ್ಞರಿಗೆ ಈ ಗೆಡ್ಡೆಯ ವಿಷಯವನ್ನು ಮೊದಲೇ ಹೇಳಲೇಬೇಕು.