ಡೆಶಾರ್ನ್ ಬ್ರೌನ್‌ನ ನೋಡಿ ನಾನು ಸ್ಟ್ರೈಕರ್‌ಗಳಿಗೆ ಕಲಿಸಿದ್ದು

ಸ್ಟ್ರೈಕರ್, ಅಂದರೆ ಫುಟ್‌ಬಾಲ್‌ನಲ್ಲಿ ಮುಂದೆ ನಿಂತು ಗೋಲ್ ಹೊಡೆಯುವವನು, ಆಗ್ಬೇಕು ಅಂತ ಬರುವ ಹುಡುಗರಿಗೆ ನಾನು ಮೊದಲು ಗೋಲ್‌ಗಳ ವಿಡಿಯೊ ತೋರಿಸುವುದಿಲ್ಲ. ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಊರುಗಳ ಹೆಸರಿವೆ: ಡೆನ್ವರ್, ಓಸ್ಲೊ, ಶೆನ್‌ಜೆನ್, ಟ್ಯಾಂಪಾ, ವಾಷಿಂಗ್ಟನ್, ಲೋರ್ಕಾ, ಒಕ್ಲಹೋಮಾ ಸಿಟಿ, ಬೆಂಗಳೂರು. ಆಮೇಲೆ ಗುವಾಹಟಿಯ ತಂಡ, ಆದರೆ ಕೋವಿಡ್ ಕಾರಣಕ್ಕೆ ಆ ಪಂದ್ಯಗಳೆಲ್ಲ ನಡೆದದ್ದು ಗೋವಾದಲ್ಲಿ. ಡೆಶಾರ್ನ್ ಬ್ರೌನ್ ಅನ್ನುವ ಜಮೈಕಾದ ಸ್ಟ್ರೈಕರ್ ಒಂಬತ್ತು ವರ್ಷದೊಳಗೆ ಸಂಬಳಕ್ಕೆ ಆಡಿದ ತಂಡಗಳ ಊರುಗಳಿವು.

ಹುಡುಗರು ಓದಿ "ಸೂಪರ್ ಸರ್" ಅಂತಾರೆ. ಅಪ್ಪ ಅಮ್ಮಂದಿರು ಕೇಳುವುದೇ ಬೇರೆ. "ಒಂದು ಕಡೆ ಯಾಕೆ ನಿಲ್ಲಲಿಲ್ಲ ಸರ್? ಸರಿಯಾಗಿ ಆಡ್ತಿರಲಿಲ್ವಾ?"

ಆಡ್ತಿದ್ದ. ಚೆನ್ನಾಗೇ ಆಡ್ತಿದ್ದ. ಆದರೂ ನಿಲ್ಲಲು ಆಗಲಿಲ್ಲ. ಇದನ್ನು ಬಿಡಿಸಿ ಹೇಳುತ್ತಾ ಹೋದಾಗಲೇ ನನ್ನ ಕೋಚಿಂಗ್‌ಗೆ ಒಂದು ದಾರಿ ಸಿಕ್ಕಿದ್ದು.

ನಾನು ಬೆಂಗಳೂರಿನಲ್ಲಿ ಶಾಲಾ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು. ಆಸ್ಟಿನ್ ಟೌನ್, ಗೌತಮಪುರ ಕಡೆಯ ಹುಡುಗರು ಜಾಸ್ತಿ. ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಗೊತ್ತಲ್ಲ, ಫುಟ್‌ಬಾಲ್ ಅಲ್ಲಿ ಮನೆಮಾತು. ಆದರೆ ವೆಸ್ಟ್ ಇಂಡೀಸ್ ಅಂದ ಕೂಡಲೇ ಅಲ್ಲಿನ ಹುಡುಗರೂ ಕ್ರಿಕೆಟ್ ಅಂತಾರೆ. ಅದರಲ್ಲೂ ಜಮೈಕಾ ಅಂದರೆ ಕ್ರಿಸ್ ಗೇಲ್. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿಯಲ್ಲಿ ಹೊಡೆದ ಔಟಾಗದ 175 ಯಾರಿಗೆ ಮರೆಯುತ್ತೆ? ಅದೇ ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಿನ ಕಂಠೀರವದಲ್ಲಿ 2020ರಲ್ಲಿ ಇನ್ನೊಬ್ಬ ಜಮೈಕಾದವನು ಗೋಲ್ ಹೊಡೆಯುತ್ತಿದ್ದ ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಬ್ರೌನ್ ಹುಟ್ಟಿದ್ದು 1990ರಲ್ಲಿ. ಜಮೈಕಾದಲ್ಲಿ ಶಾಲಾ ಫುಟ್‌ಬಾಲ್‌ಗೆ ಭಾರಿ ಬೆಲೆ. ಕಿಂಗ್‌ಸ್ಟನ್ ಸುತ್ತಿನ ಶಾಲೆಗಳಿಗೆ ಮ್ಯಾನಿಂಗ್ ಕಪ್, ಊರಾಚೆಯ ಶಾಲೆಗಳಿಗೆ ಡಕೋಸ್ಟಾ ಕಪ್. ಅದರಾಚೆ ಆಟ ನಂಬಿ ಬದುಕುವಷ್ಟು ದುಡ್ಡು ಅಲ್ಲಿನ ಕ್ಲಬ್‌ಗಳಲ್ಲಿ ಇಲ್ಲ. ಹಾಗಾಗಿ ಚೆನ್ನಾಗಿ ಆಡುವ ಎಷ್ಟೋ ಹುಡುಗರು ಸ್ಕಾಲರ್‌ಶಿಪ್ ಹಿಡಿದು ಅಮೆರಿಕದ ಕಾಲೇಜು ಸೇರುತ್ತಾರೆ. ಬ್ರೌನ್ ಸೇರಿದ್ದು ಆರ್ಲಾಂಡೊದ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾ. ಅಲ್ಲಿಂದ ಅಮೆರಿಕದ ದೊಡ್ಡ ಲೀಗ್ ಎಂಎಲ್ಎಸ್‌ನ 2013ರ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಕೊಲರಾಡೊ ರ‍್ಯಾಪಿಡ್ಸ್ ಆರನೆಯವನಾಗಿ ಆರಿಸಿಕೊಂಡಿತು. ಮೊದಲ ವರ್ಷ ಲೀಗ್‌ನಲ್ಲಿ 10 ಗೋಲು, ಎರಡನೇ ವರ್ಷ ಮತ್ತೆ 10. ಹೊಸಬನಿಗೆ ಇದು ಸಣ್ಣ ಮಾತಲ್ಲ.

ಆಮೇಲೆ ಶುರುವಾಯಿತು ಅಲೆದಾಟ. ನಾರ್ವೆಯ ವೋಲೆರೆಂಗಾ ಕೊಂಡುಕೊಂಡಿತು. ಅಲ್ಲಿಂದ ಚೀನಾದ ಎರಡನೇ ದರ್ಜೆ ಲೀಗ್. ಮತ್ತೆ ಅಮೆರಿಕ. ಸ್ಪೇನ್‌ನ ಎರಡನೇ ದರ್ಜೆಯಲ್ಲಿ ಲೋರ್ಕಾ. ಮತ್ತೆ ಅಮೆರಿಕ. 2020ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿ.

ನಡುವೆ 2015ರ ಕೋಪಾ ಅಮೆರಿಕಾದಲ್ಲಿ ಜಮೈಕಾ ಪರ ಆಡಿದ. ಚಿಲಿಯ ವಿನ್ಯಾ ಡೆಲ್ ಮಾರ್‌ನಲ್ಲಿ ಅರ್ಜೆಂಟೀನಾ ಎದುರು 1-0ಯಿಂದ ಸೋತ ಮೇಲೆ ಮೈದಾನದಲ್ಲೇ ಮೊಬೈಲ್ ಹಿಡಿದು ಮೆಸ್ಸಿ ಜೊತೆ ಸೆಲ್ಫಿ ತೆಗೆದುಕೊಂಡವನು ಇವನೇ. ಮೆಸ್ಸಿಗೆ ಅದು ದೇಶದ ಪರ ನೂರನೇ ಪಂದ್ಯ. ನನ್ನ ಹುಡುಗರಿಗೆ ಹಾಳೆಯ ಉಳಿದದ್ದೆಲ್ಲ ಮರೆತರೂ ಈ ಸೆಲ್ಫಿ ಮರೆಯಲ್ಲ. ಇರಲಿ.

ಪಟ್ಟಿಯ ಒಳಗಿನ ಲೆಕ್ಕ ಹೀಗಿದೆ. ವಿದೇಶಿ ಸ್ಟ್ರೈಕರ್‌ನನ್ನು ಯಾವ ಕ್ಲಬ್ಬೂ ಬೆಳೆಸಲು ಕರೆಸುವುದಿಲ್ಲ. ಗೋಲು ಬೇಕು, ಈಗಲೇ ಬೇಕು ಅಂತ ಕರೆಸುತ್ತದೆ. ಬೆಂಗಳೂರಿನ ಕತೆಯೇ ನೋಡಿ. ಹಿಂದಿನ ಸ್ಟ್ರೈಕರ್ ಮಿಕು ಬಿಟ್ಟು ಹೋಗಿದ್ದ, ಅವನ ಜಾಗಕ್ಕೆ ಬಂದ ಮನುವೆಲ್ ಓನ್ವು ಕಾಲು ಕುದುರಲಿಲ್ಲ, ಜನವರಿಯಲ್ಲಿ ಅವನನ್ನು ಒಡಿಶಾಗೆ ಸಾಲ ಕೊಟ್ಟರು. ಅರ್ಧ ಸೀಸನ್ ಮುಗಿದಿದೆ. ಹೊಸಬನಿಗೆ ಊರು, ಊಟ, ಜೊತೆಗಾರರ ಹೆಸರು ಎಲ್ಲ ಹೊಸದು. ತಂಡದ ನಡುವೆ ಸ್ಪ್ಯಾನಿಷ್ ಆಟಗಾರರು, ಕೋಚ್ ಕಾರ್ಲೆಸ್ ಕ್ವಾಡ್ರಾತ್ ಕೂಡ ಸ್ಪೇನ್‌ನವರು. ಒಬ್ಬರ ಆಟ ಒಬ್ಬರಿಗೆ ಒಗ್ಗಲಿ ಅಂತ ಕಾಯುವಷ್ಟು ಪುರುಸೊತ್ತು ಯಾರಿಗಿದೆ?

ಅಂಥವನು ಜೊತೆಗೆ ತಂದುಕೊಳ್ಳಬಹುದಾದದ್ದು ಒಂದೇ. ಡಿಫೆನ್ಸ್ ಹಿಂದಿನ ಖಾಲಿ ಜಾಗಕ್ಕೆ ಓಡುವುದು. ಒನ್-ಟು, ಅಂದರೆ ಪಾಸ್ ಕೊಟ್ಟು ಓಡಿ ಅದನ್ನೇ ಮರಳಿ ಪಡೆಯುವ ಆಟ, ಆಡಲು ಜೊತೆಗಾರ ಗೊತ್ತಿರಬೇಕು. ಬೆನ್ನು ಕೊಟ್ಟು ಚೆಂಡು ಹಿಡಿದು ಹಂಚಲು ತಂಡದ ಆಟ ಗೊತ್ತಿರಬೇಕು. ಹಿಂದಿನ ಜಾಗಕ್ಕೆ ಓಡಲು ಭಾಷೆ ಬೇಡ, ಪರಿಚಯ ಬೇಡ. ಓಸ್ಲೊದಲ್ಲಿ ಓಡಿದ್ದನ್ನೇ ಬೆಂಗಳೂರಲ್ಲೂ ಓಡಬಹುದು. ಬ್ರೌನ್‌ಗೆ ವೇಗವಿತ್ತು ಅಂತ ಎಲ್ಲರೂ ಹೇಳ್ತಾರೆ. ವೇಗ ಇದ್ದವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಯಾವಾಗ ಹೊರಡಬೇಕು ಅನ್ನುವುದು ಗೊತ್ತಿರುವವರು ಕಡಿಮೆ.

ಕಂಠೀರವದಲ್ಲಿ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಸ್ಟ್ಯಾಂಡ್‌ನಿಂದ ಮೈದಾನ ದೂರ. ಅದೇ ನನಗೆ ಅನುಕೂಲವಾಯಿತು. ಮೇಲೆ ಕೂತರೆ ಡಿಫೆನ್ಸ್ ಲೈನ್ ಪೂರ್ತಿ ಕಾಣುತ್ತದೆ. ಚೆಂಡು ನೋಡುವುದು ಬಿಟ್ಟು ಬ್ರೌನ್‌ನ ಮಾತ್ರ ನೋಡುತ್ತಾ ಕೂತೆ. ಶುರುವಿನಲ್ಲಿ ಕಷ್ಟ. ಸುತ್ತ ಜನ ಕೂಗಿದ ಕೂಡಲೇ ಕಣ್ಣು ಚೆಂಡಿಗೇ ಹೋಗುತ್ತದೆ. ಫೆಬ್ರವರಿಯಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಭೂತಾನಿನ ಪಾರೊ ಎಫ್‌ಸಿಯನ್ನು ಬೆಂಗಳೂರು 9-1ರಿಂದ ಸೋಲಿಸಿತು. ಸೆಂಬೊಯ್ ಹಾವೊಕಿಪ್ ನಾಲ್ಕು, ಬ್ರೌನ್ ಮೂರು. ಅಷ್ಟು ಗೋಲ್ ಆಗುವ ಪಂದ್ಯದಿಂದ ಕಲಿಯುವುದು ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಮಾರ್ಚ್ 1ರಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದರಲ್ಲಿ ಕೋಲ್ಕತ್ತಾದ ಎಟಿಕೆ ಎದುರು ಬೆಂಗಳೂರು 1-0ಯಿಂದ ಗೆದ್ದಿತು. ಆ ಒಂದು ಗೋಲು ಬ್ರೌನ್‌ದು. ಜಾಗ ಬಿಡದೆ ಬಿಗಿಯಾಗಿ ನಿಲ್ಲುವ ತಂಡ ಅದು. ಸ್ಟ್ರೈಕರ್ ಕೆಲಸ ಏನು ಅಂತ ಕಾಣುವುದು ಇಂಥ ಪಂದ್ಯದಲ್ಲಿ. ವಾರದ ನಂತರ ಕೋಲ್ಕತ್ತಾದ ಎರಡನೇ ಪಂದ್ಯದಲ್ಲಿ 3-1 ಸೋತು, ಒಟ್ಟು ಗೋಲಿನಲ್ಲಿ ಹಿಂದೆ ಬಿದ್ದು ಬೆಂಗಳೂರು ಹೊರಬಿತ್ತು, ಅದು ಬೇರೆ ಮಾತು.

ನೋಡಿದ್ದನ್ನು ಅಭ್ಯಾಸಕ್ಕೆ ಇಳಿಸಿದ್ದು ಹೀಗೆ.

ಎಲ್ಲಕ್ಕಿಂತ ಮುಂಚೆ ನಿಲ್ಲುವ ಜಾಗ. ನಮ್ಮ ಹುಡುಗರು ಸೆಂಟರ್ ಬ್ಯಾಕ್‌ನ, ಅಂದರೆ ಎದುರು ತಂಡದ ನಡುವಿನ ಡಿಫೆಂಡರ್‌ನ, ಕಣ್ಣೆದುರೇ ನಿಲ್ಲುತ್ತಾರೆ. ಅವನಿಗೆ ಚೆಂಡೂ ಕಾಣುತ್ತೆ, ಇವನೂ ಕಾಣುತ್ತಾನೆ. ಹಾಗಲ್ಲ, ಚೆಂಡು ಇರುವ ಕಡೆಗೆ ಎದುರು ಬದಿಯಲ್ಲಿ ಅವನ ಹೆಗಲ ಹಿಂದೆ ನಿಲ್ಲಬೇಕು. ಆಗ ಡಿಫೆಂಡರ್ ಪದೇ ಪದೇ ಕತ್ತು ತಿರುಗಿಸಿ ನೋಡಬೇಕಾಗುತ್ತದೆ. ಅವನು ಮುಖವನ್ನು ಚೆಂಡಿನ ಕಡೆ ತಿರುಗಿಸಿದ ಕ್ಷಣವೇ ಹೊರಡುವುದು. ಇದಕ್ಕೆ ಚೆಂಡೇ ಇಲ್ಲದೆ ಇಬ್ಬರನ್ನು ನಿಲ್ಲಿಸಿ ಕಣ್ಣಾಮುಚ್ಚಾಲೆ ಥರ ಆಡಿಸುತ್ತೇನೆ. ಡಿಫೆಂಡರ್ ತಿರುಗಿದಾಗ ಸ್ಟ್ರೈಕರ್ ಕಣ್ಣಿಗೆ ಬಿದ್ದರೆ ಸ್ಟ್ರೈಕರ್ ಔಟ್.

ಆಮೇಲೆ ಓಟದ ದಾರಿ. ನೇರ ಓಡಿದರೆ ಆಫ್‌ಸೈಡ್ ಗ್ಯಾರಂಟಿ, ಅಂದರೆ ಪಾಸ್ ಹೊರಡುವ ಮೊದಲೇ ಡಿಫೆಂಡರ್‌ಗಳನ್ನು ದಾಟಿ ಹೋದ ತಪ್ಪು. ಲೈನ್ ಉದ್ದಕ್ಕೆ ಮೊದಲು ಅಡ್ಡ ಓಡಿ, ಚೆಂಡು ಒದೆಯುವ ಹೊತ್ತಿಗೆ ಒಳಕ್ಕೆ ಬಾಗಬೇಕು. ನೆಲದ ಮೇಲೆ ಸುಣ್ಣದ ಪುಡಿಯಿಂದ ಕುಡುಗೋಲಿನ ಆಕಾರದ ಗೆರೆ ಎಳೆದು ಅದರ ಮೇಲೇ ಓಡಿಸುತ್ತೇನೆ. ಪಾಸ್ ಕೊಡುವವನ ಪಾದ ನೋಡ್ಬೇಡಿ, ತಲೆ ನೋಡಿ ಅಂತ ಹೇಳುತ್ತೇನೆ. ಅವನು ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ ಕಾಲು ಹಿಂದಕ್ಕೆ ತೆಗೆದನೋ, ಪಾಸ್ ಬಂತು ಅಂತಲೇ.

ಒಬ್ಬ ಹುಡುಗನ ಕತೆ ಹೇಳಲೇಬೇಕು. ವೇಗ ಅಂದರೆ ವೇಗ. ಆದರೆ ಎರಡೂ ಪಾದ ಸಮ ಊರಿ, ಎದೆ ಗೋಲಿನ ಕಡೆಗೆ ಮಾಡಿ ನಿಲ್ಲುತ್ತಿದ್ದ. ಚೆಂಡು ನೋಡಲು ಕತ್ತು ಹಿಂದೆ ತಿರುಗಿಸಬೇಕು, ಹೊರಡಲು ಮೊದಲು ಒಂದು ಹೆಜ್ಜೆ ಹಿಂದಕ್ಕೆ ಇಡಬೇಕು. ಆ ಒಂದು ಹೆಜ್ಜೆಯಲ್ಲೇ ಎಲ್ಲ ಮುಗಿದು ಹೋಗುತ್ತಿತ್ತು. ಬಲಗಾಲು ಮುಂದೆ, ಸೊಂಟ ಓರೆ, ಭಾರ ಮುಂಗಾಲಿನ ಮೇಲೆ. ಇಷ್ಟನ್ನು ಹೇಳಿದರೆ ಅವನಿಗೆ ತಿಳಿಯಲಿಲ್ಲ. ಕೊನೆಗೆ ಅವನ ಹಿಮ್ಮಡಿಯ ಹಿಂದೆ ಒಂದು ಕೋನ್ ಇಟ್ಟೆ. ಹಿಂದೆ ಹೆಜ್ಜೆ ಇಟ್ಟರೆ ಕೋನ್ ಉರುಳುತ್ತೆ. ಕೆಂಪು ಮಣ್ಣಲ್ಲಿ ಕೋನ್ ಉರುಳೋದು, ಹುಡುಗರೆಲ್ಲ ನಗೋದು, ಅವನು ಹಲ್ಲು ಕಚ್ಚಿ ಮತ್ತೆ ನಿಲ್ಲೋದು. ಮಳೆಗಾಲ ಮುಗಿಯುವ ಹೊತ್ತಿಗೆ ಕೋನ್ ಬೀಳುವುದು ನಿಂತಿತ್ತು.

ಇನ್ನೊಂದು ಅಭ್ಯಾಸ ಹುಡುಗರಿಗೆ ಸುತರಾಂ ಇಷ್ಟವಿಲ್ಲ. ಸ್ಟ್ರೈಕರ್‌ಗೆ ಗೊತ್ತಾಗದ ಹಾಗೆ ಮಿಡ್‌ಫೀಲ್ಡರ್ ಕಿವಿಯಲ್ಲಿ ಹೇಳಿರುತ್ತೇನೆ, "ಅವನು ಎಷ್ಟೇ ಚೆನ್ನಾಗಿ ಓಡಲಿ, ನಾನು ಹೇಳೋವರೆಗೂ ಪಾಸ್ ಕೊಡ್ಬೇಡ." ಓಡುತ್ತಾನೆ, ಚೆಂಡು ಬರಲ್ಲ. ಮತ್ತೆ ಓಡುತ್ತಾನೆ, ಬರಲ್ಲ. ಮೂರನೇ ಸಲಕ್ಕೆ ಕೈ ಎತ್ತಿ ಬೈಯಲು ಶುರು. ಕೈ ಎತ್ತಿದರೆ ಹೊರಗೆ, ಅದೇ ನಿಯಮ. ಪಂದ್ಯದಲ್ಲಿ ಹತ್ತು ಸಲ ಓಡಿದರೆ ಚೆಂಡು ಬರುವುದು ಒಂದೋ ಎರಡೋ ಸಲ. ಉಳಿದ ಓಟ ಡಿಫೆಂಡರ್‌ನ ಹಿಂದಕ್ಕೆ ತಳ್ಳುತ್ತೆ, ಜೊತೆಗಾರನಿಗೆ ಮುಂದೆ ಜಾಗ ಸಿಗುತ್ತೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ.

ಓಟ ಅಂದ ಮೇಲೆ ತೊಡೆಯ ಹಿಂಭಾಗದ ಸ್ನಾಯು ನೋಡಿಕೊಳ್ಳಬೇಕು. ಮೈದಾನ ಸುತ್ತು ಹೊಡೆಸುವುದನ್ನು ನಾನು ಬಿಟ್ಟಿದ್ದೇನೆ. ಹದಿನೈದು ಇಪ್ಪತ್ತು ಮೀಟರ್ ಪೂರ್ತಿ ಜೋರಾಗಿ ಓಡಿ, ಉಸಿರು ಸರಿಯಾಗುವವರೆಗೆ ನಿಂತು, ಮತ್ತೆ ಓಡುವುದು. ಜೊತೆಗೆ ಫಿಫಾ 11+ ವಾರ್ಮ್‌ಅಪ್‌ನಲ್ಲಿರುವ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ ಕೂರಬೇಕು, ಹಿಂದಿನಿಂದ ಒಬ್ಬ ಕಾಲು ಒತ್ತಿ ಹಿಡಿಯಬೇಕು, ಬೆನ್ನು ನೆಟ್ಟಗಿಟ್ಟು ನಿಧಾನಕ್ಕೆ ಮುಂದಕ್ಕೆ ಬಾಗಬೇಕು. ಮೊದಲ ವಾರ ಮೆಟ್ಟಿಲು ಹತ್ತಲೂ ಆಗಲ್ಲ ಅಂತ ಗೋಳಾಡ್ತಾರೆ. ಆಗ್ಲಿ.

ಬ್ರೌನ್ ಬೆಂಗಳೂರು ಬಿಟ್ಟ ಮೇಲೂ ನಾನು ನೋಡುವುದು ಬಿಡಲಿಲ್ಲ. 2021ರ ಜನವರಿಯಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ಸೇರಿದ. ಅದೇ ತಿಂಗಳು ಮುಂಬೈ ಸಿಟಿ ಎದುರು ಎರಡು ಗೋಲ್ ಹೊಡೆದ. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಮುಂಬೈ ಎದುರು ಹ್ಯಾಟ್ರಿಕ್, ಪಂದ್ಯ 3-3. ಮುಂಬೈ ಚೆಂಡು ಇಟ್ಟುಕೊಂಡು ಆಡುವ ತಂಡ, ಡಿಫೆಂಡರ್‌ಗಳು ಮುಂದೆ ಬಂದು ನಿಲ್ಲುತ್ತಾರೆ. ಅವನಂಥವನಿಗೆ ಅದಕ್ಕಿಂತ ಏನು ಬೇಕು? ಐದೂ ಗೋಲು ಹಿಂದಿನ ಜಾಗಕ್ಕೆ ಓಡಿಯೇ ಬಂದವು ಅಂತ ಹೇಳುತ್ತಿಲ್ಲ. ಆ ಹೆದರಿಕೆ ಇದ್ದಾಗ ಡಿಫೆಂಡರ್ ಉಳಿದ ಕೆಲಸದಲ್ಲೂ ತಡವರಿಸುತ್ತಾನೆ.

ಕೆರಿಬಿಯನ್‌ನಿಂದ ಇಲ್ಲಿಗೆ ಬಂದವನು ಇವನೊಬ್ಬನೇ ಅಲ್ಲ. ಹೈಟಿಯ ಕೆರ್ವೆನ್ಸ್ ಬೆಲ್ಫೋರ್ಟ್ 2016ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಆಡಿದ. ಟ್ರಿನಿಡಾಡ್‌ನ ವಿಲ್ಲಿಸ್ ಪ್ಲಾಜಾ 2018-19ರ ಐ-ಲೀಗ್‌ನಲ್ಲಿ ಚರ್ಚಿಲ್ ಬ್ರದರ್ಸ್ ಪರ 21 ಗೋಲ್ ಹೊಡೆದು ಗೋಲ್ ಪಟ್ಟಿಯಲ್ಲಿ ಪೆಡ್ರೊ ಮಾಂಝಿ ಜೊತೆ ಮೊದಲ ಸ್ಥಾನ ಹಂಚಿಕೊಂಡ. ಅದೇ ದೇಶದ ಕಾರ್ನೆಲ್ ಗ್ಲೆನ್, 2006ರ ವಿಶ್ವಕಪ್‌ನಲ್ಲಿ ಸ್ವೀಡನ್ ಎದುರು ಬದಲಿ ಆಟಗಾರನಾಗಿ ಇಳಿದು ಕ್ರಾಸ್‌ಬಾರ್‌ಗೆ ಹೊಡೆದವನು, ಆಮೇಲೆ ಶಿಲ್ಲಾಂಗ್ ಲಜಾಂಗ್‌ಗೆ ಆಡಿದ. ವಿಶ್ವಕಪ್ ಆಡಿದವನೂ ಕೆಲಸ ಹುಡುಕಿಕೊಂಡು ಶಿಲ್ಲಾಂಗ್‌ವರೆಗೆ ಬರಬೇಕು, ಸ್ಟ್ರೈಕರ್ ಬದುಕು ಅಂದ್ರೆ ಅದು.

"ಡ್ವೈಟ್ ಯಾರ್ಕ್ ನಿಂತನಲ್ಲ ಸರ್?" ಅಂತ ಫುಟ್‌ಬಾಲ್ ಗೊತ್ತಿರುವ ಒಬ್ಬ ತಂದೆ ಕೇಳಿದ್ದರು. ನಿಜ. ಟೊಬೆಗೊ ಹುಡುಗನನ್ನು ಇಂಗ್ಲೆಂಡ್‌ನ ಕ್ಲಬ್ ಆಸ್ಟನ್ ವಿಲ್ಲಾದ ಕೋಚ್ ಗ್ರಹಾಂ ಟೇಲರ್ 1989ರ ಪ್ರವಾಸದಲ್ಲಿ ಗುರುತಿಸಿ ಕರೆದುಕೊಂಡು ಹೋದರು, 1998ರವರೆಗೆ ಅಲ್ಲೇ ಇದ್ದ. ಮ್ಯಾಂಚೆಸ್ಟರ್ ಯುನೈಟೆಡ್ ಅವನನ್ನು ಕೊಂಡದ್ದು 1.26 ಕೋಟಿ ಪೌಂಡ್‌ಗೆ. ಮೊದಲ ಸೀಸನ್ನಲ್ಲೇ ಮೂರು ಟ್ರೋಫಿ. ಆದರೆ ಯಾರ್ಕ್‌ಗೆ ಚಿಕ್ಕ ವಯಸ್ಸಲ್ಲೇ ಒಂದು ಕ್ಲಬ್ ಸಿಕ್ಕಿತು, ಕಾಯುವ ವ್ಯವಧಾನವೂ ಆ ಕ್ಲಬ್ಬಿಗೆ ಇತ್ತು. ಅದನ್ನು ನಂಬಿ ಮಗನ ಓದು ಬಿಡಿಸಬೇಡಿ ಅಂದೆ.

ಅಪ್ಪ ಅಮ್ಮಂದಿರಿಗೆ ನಾನು ಹೇಳುವ ಇನ್ನೊಂದು ಮಾತು ಸ್ವಲ್ಪ ಕಹಿ. ನಮ್ಮ ದೊಡ್ಡ ಕ್ಲಬ್‌ಗಳಲ್ಲಿ ಭಾರತೀಯ ಹುಡುಗನಿಗೆ ಸ್ಟ್ರೈಕರ್ ಜಾಗ ಸುಲಭಕ್ಕೆ ಸಿಗಲ್ಲ. 2021-22ರಿಂದ ಐಎಸ್‌ಎಲ್‌ನಲ್ಲಿ ಮೈದಾನದಲ್ಲಿ ಇರಬಹುದಾದ ವಿದೇಶಿಗಳನ್ನು ಐದರಿಂದ ನಾಲ್ಕಕ್ಕೆ ಇಳಿಸಿದರು. ಆದರೂ ಆ ನಾಲ್ವರಲ್ಲಿ ಒಬ್ಬ ಸ್ಟ್ರೈಕರ್ ಇದ್ದೇ ಇರುತ್ತಾನೆ. ಸುನಿಲ್ ಛೆಟ್ರಿಯೇ ಎಷ್ಟೋ ಪಂದ್ಯಗಳಲ್ಲಿ ಎಡಬದಿಗೆ ಸರಿದು ಆಡಿದ್ದಾರೆ. ಹಾಗಾಗಿ ನನ್ನ ಹುಡುಗರು ದೊಡ್ಡ ಅಕಾಡೆಮಿಗೆ ಹೋದರೆ ಅಲ್ಲಿ ವಿಂಗರ್ ಆಗುತ್ತಾರೆ, ಕೆಲವರು ಸೈಡ್ ಬ್ಯಾಕ್. ಬೇಜಾರು ಆಗುತ್ತೆ. ಆದರೆ ಹಿಂದಿನ ಜಾಗಕ್ಕೆ ಓಡಲು ಕಲಿತ ವಿಂಗರ್‌ಗೆ ಬೇಡಿಕೆ ಇದೆ.

ಈಗ ಹೊಸದಾಗಿ ಸೇರಿಸಿರುವುದು ಗೋಲ್ ಕಿಕ್. ಗೋಲ್ ಕಿಕ್‌ನಿಂದ, ಥ್ರೋ-ಇನ್‌ನಿಂದ, ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಇದು ಎಲ್ಲರಿಗೂ ಗೊತ್ತು, ಬಳಸುವವರು ಕಮ್ಮಿ. ನಮ್ಮ ಗೋಲ್‌ಕೀಪರ್ ಚೆಂಡು ಇಡುವಾಗ ಸ್ಟ್ರೈಕರ್ ಡಿಫೆಂಡರ್‌ಗಳ ಹಿಂದೆ ಹೋಗಿ ಆರಾಮಾಗಿ ನಿಲ್ಲಬಹುದು. ಮೊನ್ನೆ ಒಂದು ಪಂದ್ಯದಲ್ಲಿ ಕೋನ್ ಹುಡುಗ ಹಾಗೆ ನಿಂತಾಗ ಎದುರು ತಂಡದ ಕೋಚ್ "ಆಫ್‌ಸೈಡ್, ಆಫ್‌ಸೈಡ್" ಅಂತ ಲೈನ್ಸ್‌ಮನ್ ಮೇಲೆ ಕೂಗಾಡಿದರು. ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ. ಹುಡುಗನ ಮೊದಲ ಟಚ್ ಉದ್ದ ಆಗಿ ಚೆಂಡು ಕೀಪರ್ ಕೈಗೆ ಹೋಯಿತು. ಅದಕ್ಕೇ ಈ ವಾರ ಮೇಲಿನಿಂದ ಬೀಳುವ ಚೆಂಡನ್ನು ಓಡುತ್ತಲೇ ಹಿಡಿಯುವ ಅಭ್ಯಾಸ ಶುರು ಮಾಡಿದ್ದೇವೆ.